ಹದಿನಾಲ್ಕನೇ ಕಂತಿನ ಎತ್ತುಗಳು

"ನಿಲ್ಸು ಕಣ್ಲಾ ಮಾದೇಶ! ಆ ಎತ್ತುಗಳ್ನ ಇನ್ನೊಂದ್ ಸಲ ತೋರ್ಸು."

ಪುಟ್ಟಗೌರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. ಬಾಯಿಗೆ ಹೊರಟಿದ್ದ ನಿಪ್ಪಟ್ಟು ಕೈಯಲ್ಲೇ ಉಳಿಯಿತು.

ಮಾದೇಶ ತಡಬಡಾಯಿಸಿ ಗುಂಡಿ ಒತ್ತಿದ. ಟಿ.ವಿ.ಯ ಚಿತ್ರ ಒಂದೆರಡು ಸಲ ನಡುಗಿ ನಿಂತಿತು. ಗುಡ್ಡದ ರಸ್ತೆ, ರಸ್ತೆಯ ಮೇಲೊಂದು ಹಳೇ ಬಸ್ಸು, ಬಸ್ಸಿನಾಚೆ ಕೆಂಪು ಮಣ್ಣಿನ ಹೊಲ. ಇನ್ನೊಂದು ಲೋಕಕ್ಕೆ ಹೋಗಿ ಬಂದ ಬಸ್ಸು ಪಕ್ಕದಲ್ಲೇ ನಿಂತಿದ್ದರೂ ಆ ಹೊಲದ ರೈತ ತಿರುಗಿ ಕೂಡ ನೋಡದೆ ಜೋಡೆತ್ತು ಕಟ್ಟಿ ಉಳುತ್ತಿದ್ದ.

"ಎಲ್ಲಾರೂ ಬಸ್ಸು ನೋಡಿದ್ರೆ ನೀವು ಎತ್ತು ನೋಡ್ತೀರಲ್ಲ ಗೌರಮ್ಮನೋರೇ?" ಸದಾಶಿವಪ್ಪ ಮೇಷ್ಟ್ರು ಕನ್ನಡಕ ಮೇಲೇರಿಸಿದರು.

"ಬಸ್ಸು ನಿಮಗಿರ್ಲಿ ಮೇಷ್ಟ್ರೇ. ನಾನು ಆರಂಬಗಾರರ ಮನೆ ಮಗಳು, ನನ್ ಕಣ್ಣು ಎತ್ತಿನ ಮೇಲೇ ಓಯ್ತದೆ."

ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಕ್ಯಾಸೆಟ್ಟು ಅದು. ಹನೂರಿನಲ್ಲಿ ಮದುವೆ ವಿಡಿಯೊ ತೆಗೆಯುವ ಮಾದೇಶನಿಗೆ, ತೀರಿಹೋದ ಅಪ್ಪನ ಟ್ರಂಕು ಖಾಲಿ ಮಾಡುವಾಗ ಮೊನ್ನೆ ಸಿಕ್ಕಿತ್ತು. ಈಗ ಯಳಂದೂರಿನಲ್ಲಿ, ಮೇಷ್ಟ್ರ ಮನೆಯ ನಡುಮನೆಯಲ್ಲಿ, ಹಾಡಹಗಲೇ ಕಿಟಕಿ ಬಾಗಿಲು ಮುಚ್ಚಿಕೊಂಡು ನಾಲ್ಕು ಜನ ಅದನ್ನು ನೋಡುತ್ತಿದ್ದರು.

'ಇಲ್ಲದ ತಿರುವು' ಎಂದರೆ ಈ ಸೀಮೆಯಲ್ಲಿ ಮೂವತ್ತು ದಾಟಿದ ಯಾರನ್ನು ಕೇಳಿದರೂ ಮುಖ ಅರಳಿಸುತ್ತಾರೆ. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸೊಂದು ನಕ್ಷೆಯಲ್ಲೇ ಇಲ್ಲದ ತಿರುವಿನಲ್ಲಿ ತಿರುಗಿ, ಬೇರೊಂದು ಗ್ರಹ ಸೇರಿಬಿಡುವ ಕಥೆ. ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಬರುತ್ತಿತ್ತು. ಹದಿಮೂರು ವಾರ ಓಡಿತು. ಬಸ್ಸು ಊರಿಗೆ ವಾಪಸ್ ಬರುವ ಮುಂಚೆಯೇ ಚಾನೆಲ್ಲಿನವರು, ನೋಡುವವರಿಲ್ಲ ಎಂದು ನಿಲ್ಲಿಸಿಬಿಟ್ಟರು. ನೋಡುವವರಿಲ್ಲವಂತೆ! ಆ ಹೊತ್ತಿಗೆ ಹನೂರಿನಲ್ಲಿ ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯವನೂ ಬಾಗಿಲು ಹಾಕಿಕೊಂಡು ಟಿ.ವಿ. ಮುಂದೆ ಕೂರುತ್ತಿದ್ದ. ಇವತ್ತಿಗೂ ಯಾರಾದರೂ ತಡವಾಗಿ ಮನೆಗೆ ಬಂದರೆ "ಏನಪ್ಪಾ, ಬಸ್ಸು ವಾಪಸ್ ಬಂತಾ?" ಎಂದು ರೇಗಿಸುವುದುಂಟು.

ಆ ಧಾರಾವಾಹಿಯನ್ನು ಸದಾಶಿವಪ್ಪನವರಷ್ಟು ಪ್ರೀತಿಸಿದವರು ಮಾತ್ರ ಇನ್ನೊಬ್ಬರಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸ ಒಂದೇ: ನೋಡುಗರ ಕೈಪಿಡಿ. ಒಂದೊಂದು ಕಂತಿಗೆ ಒಂದೊಂದು ಟಿಪ್ಪಣಿ. ಕೊನೆಯಲ್ಲಿ ಬಸ್ಸಿನ ಟಿಕೆಟ್ಟಿನ ಲೆಕ್ಕದಲ್ಲಿ ದರ್ಜೆ. ಐದು ಟಿಕೆಟ್ ಕೊಟ್ಟರೆ ಮತ್ತೆ ಮತ್ತೆ ನೋಡಬೇಕಾದ್ದು. ಅದರ ಅಚ್ಚಿನ ಕರಡು ಈಗಲೂ ಅವರ ತೊಡೆಯ ಮೇಲಿತ್ತು.

"ಕಂತು ಮೂರು. ಗ್ರಹದವರು ಬಸ್ಸಿಗೆ ಹುಲ್ಲು ತಿನ್ನಿಸಲು ನೋಡುತ್ತಾರೆ. ಅವರ ಮೈಮೇಲೆ ಹೊಳೆಯುವುದು ಕೊಳ್ಳೇಗಾಲದ ಮಗ್ಗಗಳಲ್ಲಿ ಉಳಿದ ಜರಿಯ ತುಂಡು. ಐದು ಟಿಕೆಟ್."

"ಕಂತು ಏಳು. ಅರ್ಧ ಗಂಟೆಯೂ ಪ್ರಯಾಣಿಕರು ಕಿಟಕಿ ಸೀಟಿಗಾಗಿ ಜಗಳವಾಡುತ್ತಾರೆ. ಇಳಿದುಬಿಡಿ."

"ಕಂತು ಒಂಬತ್ತು. ಗ್ರಹದವರು ಮೊದಲ ಸಲ ಬಾಯಿ ಬಿಡುತ್ತಾರೆ. ಭೂಮಿಯ ಮೇಲೆ ಯಾರಿಗೂ ತಿಳಿಯದ ಭಾಷೆ ಎನ್ನುತ್ತಾನೆ ಕಂಡಕ್ಟರ್. ತಮಿಳುನಾಡಿನ ಗಡಿ, ಪಾಲಾರಿನ ಕಡೆಯ ನೋಡುಗರಿಗೆ ಒಂದು ಮಾತೂ ಬಿಡದಂತೆ ತಿಳಿದಿತ್ತು. ನಾಲ್ಕು ಟಿಕೆಟ್."

ಇಷ್ಟು ಚೆಂದದ ಪುಸ್ತಕದಲ್ಲಿ ಗೌರಮ್ಮನಿಗೆ ತಕರಾರಿದ್ದದ್ದು ಹದಿಮೂರನೇ ಕಂತಿನ ಕೊನೆಯ ಎರಡು ವಾಕ್ಯಕ್ಕೆ ಮಾತ್ರ.

"ಚಿತ್ರೀಕರಣ ನಿಂತ ಸೋಮವಾರ ಸಂಜೆಯ ನಂತರ ನಿರ್ದೇಶಕ ರಾಜಣ್ಣನನ್ನು ಯಾರೂ ನೋಡಿಲ್ಲ. ಕೊನೆಗೆ ಅವನ ಜೊತೆಗಿದ್ದವನು ಬಸ್ಸಿನ ಡ್ರೈವರ್ ದೊಡ್ಡಮಾದಯ್ಯ."

ಆ ದೊಡ್ಡಮಾದಯ್ಯ ಈಗ ಇದೇ ನಡುಮನೆಯಲ್ಲಿ, ಹಾಕಿದ ಕುರ್ಚಿ ಬಿಟ್ಟು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತಿದ್ದ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮಂಡಿಯ ಮೇಲೆ ಹಾಕಿಕೊಂಡಿದ್ದ.

ಪುಸ್ತಕದಲ್ಲಿ ತನ್ನ ಹೆಸರು ಬರುವ ಸುದ್ದಿ ಕೇಳಿ ಕಳೆದ ಸೋಮವಾರ ಅವನು ಅಜ್ಜೀಪುರದಿಂದ ಕೊಳ್ಳೇಗಾಲಕ್ಕೆ ಬಂದು ಗೌರಮ್ಮನ ಜಗುಲಿಯ ಮೇಲೆ ಕೂತಿದ್ದ. ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತಿಯಾದ ಮೇಲೂ, ಸುಮ್ಮನೆ ಕೂತರೆ ಮಂಡಿ ಹಿಡಿಯುತ್ತದೆ ಎನ್ನುವ ನೆಪದಲ್ಲಿ ಊರವರ ಕಳವು, ಕಾಣೆ, ಜಗಳಗಳನ್ನೆಲ್ಲ ತಲೆಗೆ ಹಚ್ಚಿಕೊಳ್ಳುವ ಹೆಂಗಸು ಅವರು. ಆದರೆ ಎರಡು ವಾಕ್ಯ ಅಳಿಸಿಕೊಡಿ ಎಂದು ಬಂದವನು ಇವನೇ ಮೊದಲು.

"ಇಪ್ಪತ್ತೆರಡು ವರ್ಸ ಜನ ಅಂದ್ಕಂಡ್ರು ಅವ್ವಾ. ಅನ್ಲಿ. ಬಾಯಿ ಮಾತು, ಗಾಳೀಲಿ ಓಯ್ತದೆ. ಪುಸ್ತಕ್ದಲ್ಲಿ ಅಚ್ಚಾದ್ರೆ ಓಗಾಕಿಲ್ಲ. ನನ್ ಮೊಮ್ಮಗಳು ಧನುಶ್ರೀ ಇಸ್ಕೂಲ್ಗೆ ಓಯ್ತಾಳೆ. ನಾಳೆ ಅದೇ ಪುಸ್ತಕ ಅವ್ಳ ಇಸ್ಕೂಲ್ಗೂ ಬತ್ತದೆ. ನಮ್ ತಾತ ಕೊಲೆಗಾರ ಅಂತ ಓದ್ಬೇಕಾ ಆ ಮಗ?"

ಯಾವ ಕೇಸಿನಲ್ಲೂ ಅವನ ಹೆಸರು ಬಂದಿರಲಿಲ್ಲ. ಹೆಣ ಸಿಕ್ಕಿರಲಿಲ್ಲ, ಸಾಕ್ಷಿ ಸಿಕ್ಕಿರಲಿಲ್ಲ. ಆದರೂ ಅವನ ಬಸ್ಸಿಗೆ ಜನ ಹತ್ತುವುದು ನಿಂತುಹೋಯಿತು. ರಾಜಣ್ಣನನ್ನು ಮಂಗಳವಾರ ಕಾಮಗೆರೆಯಲ್ಲಿ ಇಳಿಸಿದೆ, ನಡೆದುಕೊಂಡೇ ಹೋದರು ಎಂದು ಅವನು ಅಂದಿನಿಂದ ಇಂದಿನವರೆಗೆ ಹೇಳುತ್ತಲೇ ಇದ್ದ. ಒಂದು ಅಕ್ಷರ ಹೆಚ್ಚೂ ಹೇಳಿರಲಿಲ್ಲ, ಕಡಿಮೆಯೂ ಹೇಳಿರಲಿಲ್ಲ.

ಆ ದಿನ ಗೌರಮ್ಮನ ಅಕ್ಕ ಚನ್ನಾಜಮ್ಮ ಒಳಗಿನಿಂದ ಮಜ್ಜಿಗೆ ತಂದು ಕೊಟ್ಟಿದ್ದಳು. ಯಾರೇ ಬಂದರೂ "ಉಪ್ಪು ಆಕ್ಲಾ, ಬ್ಯಾಡ್ವಾ?" ಎಂದು ಕೇಳದೆ ಲೋಟ ಕೊಡುವವಳಲ್ಲ ಅಕ್ಕ. ಅಂದು ಕೇಳಿರಲಿಲ್ಲ. ಅದೇ ಪಾತ್ರೆಯ ಮಜ್ಜಿಗೆ ಆಮೇಲೆ ತಾವು ಕುಡಿದು ನೋಡಿದರೆ ಸಪ್ಪೆ. "ಬಂದೋರಿಗೆ ಉಪ್ಪೂ ಇಲ್ದಂಗೆ ಕೊಟ್ಟಲ್ಲಕ್ಕಾ, ನಿನಗೂ ವಯಸ್ಸಾಯ್ತು" ಎಂದು ಗೌರಮ್ಮ ರೇಗಿಸಿದ್ದರು. ಅಕ್ಕ ನಕ್ಕಿರಲಿಲ್ಲ.

ಈಗ ಪರದೆಯ ಮೇಲೆ ಎತ್ತುಗಳು ಒಂದು ಕಾಲು ಎತ್ತಿ ನಿಂತಿದ್ದವು.

"ಮಾದಯ್ಯಾ, ಇದ್ಯಾವ ಹೊಲ?" ಗೌರಮ್ಮ ಕೇಳಿದರು.

"ನಮ್ಮೂರ್ದೇ ಕಣವ್ವಾ. ಅಜ್ಜೀಪುರ ದಾಟ್ತಿದ್ದಂಗೆ ಎಡಕ್ಕೆ. ಉಳ್ತಾ ಇರೋನು ಕೆಂಚಯ್ಯ."

"ನಿಮ್ಮೂರಲ್ಲಿ ಸೋಮವಾರ ಎತ್ತು ಕಟ್ತಾರಾ?"

ದೊಡ್ಡಮಾದಯ್ಯ ಕೆನ್ನೆ ಕೆನ್ನೆ ಬಡಿದುಕೊಂಡ. "ಬುಡ್ತು ಅನ್ನಿ! ಸಿವನ ವಾರ. ಬಸವನ ಎಗಲ ಮ್ಯಾಲೆ ನೊಗ ಮಡಗಾದುಂಟಾ? ಕೆಂಚಯ್ಯನಂತೂ ಸೋಮವಾರ ಎತ್ತುಗೋಳ್ಗೆ ಮೈ ತೊಳ್ದು ಕೈ ಮುಗ್ಯೋನು."

"ಕೇಳಿದ್ರಾ ಮೇಷ್ಟ್ರೇ? ಇದು ಸೋಮವಾರ ತೆಗೆದದ್ದಲ್ಲ."

ಮೇಷ್ಟ್ರು ಕರಡಿನ ಹಾಳೆ ಸರಿಮಾಡಿಕೊಂಡರು. "ಇರಬಹುದು. ಅದಕ್ಕೂ ಹಿಂದಿನ ವಾರ ಯಾವತ್ತೋ ತೆಗೆದಿರ್ತಾರೆ."

"ಅದನ್ನೂ ನೋಡೇಬುಡಣ. ಬಸ್ಸಿನ ಮುಖ ದೊಡ್ಡದ್ ಮಾಡ್ಲಾ ಮಾದೇಶ."

ಮಾದೇಶ ಕ್ಯಾಸೆಟ್ಟಿನ ಚಿತ್ರವನ್ನು ಮೊದಲೇ ಲ್ಯಾಪ್‌ಟಾಪಿಗೆ ಇಳಿಸಿ, ಅದನ್ನು ಟಿ.ವಿ.ಗೆ ಸಿಕ್ಕಿಸಿದ್ದ. ಬಸ್ಸಿನ ಮೂತಿ ಪರದೆ ತುಂಬ ಬಂತು. ಹಣೆಯ ಮೇಲೆ ವಿಭೂತಿ ಪಟ್ಟೆ, ನಡುವೆ ಕುಂಕುಮ, ಒಣಗಿದ ಸೇವಂತಿಗೆ ಹಾರ. ಬಲಗಡೆ ದೀಪ ಹೊಳೆಯುತ್ತಿತ್ತು. ಎಡಗಡೆ ದೀಪದ ಗಾಜು ಇರಲಿಲ್ಲ, ಬರೀ ಹೊಂಡ.

"ನಿಮ್ ಪುಸ್ತಕ ನೀವೇ ಓದಿ ಮೇಷ್ಟ್ರೇ. ಹದಿಮೂರನೇ ಕಂತು. ದೀಪದ ವಿಚಾರ."

ಮೇಷ್ಟ್ರು ಓದಬೇಕಾಗಿರಲಿಲ್ಲ, ಬಾಯಿಪಾಠವಿತ್ತು. ಆದರೂ ಹಾಳೆ ನೋಡಿಕೊಂಡು ಓದಿದರು. ದನಿ ಸಣ್ಣಗಾಗಿತ್ತು. "ವಾಪಸಾಗಲು ಬಸ್ಸು ತಿರುವಿಗೆ ನುಗ್ಗುತ್ತದೆ. ಬಂಡೆಗೆ ಬಡಿದು ಎಡಗಡೆಯ ದೀಪ ಒಡೆಯುತ್ತದೆ. ಇದು ಕಥೆಯಲ್ಲಿದ್ದದ್ದಲ್ಲ, ನಿಜಕ್ಕೂ ಒಡೆದದ್ದು. ಸೋಮವಾರ ಮಧ್ಯಾಹ್ನ ತೆಗೆದ ದೃಶ್ಯ."

"ಆ ದೀಪ ಯಾವಾಗ್ ರಿಪೇರಿ ಮಾಡಿಸ್ದೆ ಮಾದಯ್ಯಾ?"

"ಬುಧುವಾರ ಕಣವ್ವಾ. ಕೊಳ್ಳೇಗಾಲ್ದ ಗ್ಯಾರೇಜ್ನಲ್ಲಿ."

ಗೌರಮ್ಮ ನಿಪ್ಪಟ್ಟು ಕಚ್ಚಿದರು. ಇಷ್ಟು ಹೊತ್ತಿಗೆ ಅದಕ್ಕೊಂದು ರುಚಿ ಬಂದಿತ್ತು.

"ಸೋಮವಾರ ಮಧ್ಯಾಹ್ನ ದೀಪ ಒಡೀತು. ಬುಧವಾರ ಹೊಸದು ಬಂತು. ಇಲ್ಲಿ ದೀಪ ಒಡ್ದದೆ, ಎತ್ತು ಕಟ್ಟವ್ರೆ. ಅಂದ್ರೆ ಮಂಗಳವಾರ. ಮುಂದಕ್ಕೆ ಓಡ್ಸು ಮಾದೇಶ, ಬಸ್ಸಿಂದ ಇಳಿಯೋರು ಯಾರು ನೋಡಣ."

ಬಸ್ಸಿನ ಬಾಗಿಲು ತೆರೆಯಿತು. ಬಿಳೀ ಅಂಗಿಯ ತೆಳ್ಳನೆಯ ಮನುಷ್ಯನೊಬ್ಬ ಮೆಟ್ಟಿಲಿಳಿದು, ನೆಲದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಗುಂಗುರು ಕೂದಲು, ಬಲ ಹುಬ್ಬಿನ ಮೇಲೆ ಗಾಯದ ಗುರುತು. ಈ ಸೀಮೆಯ ಪತ್ರಿಕೆಗಳಲ್ಲೆಲ್ಲ 'ಕಾಣೆಯಾಗಿದ್ದಾರೆ' ಎಂಬ ತಲೆಬರಹದ ಕೆಳಗೆ ಬಂದ ಮುಖ ಅದೇ.

"ರಾಜಣ್ಣೋರು," ಎಂದ ಮಾದೇಶ. ಅವನಿಗೆ ಆ ಕಾಲಕ್ಕೆ ಆರು ತುಂಬಿರಲಿಲ್ಲ, ಆದರೂ ಆ ಮುಖ ಗೊತ್ತು.

ದೊಡ್ಡಮಾದಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಭುಜ ಮಾತ್ರ ಅಲ್ಲಾಡುತ್ತಿತ್ತು.

ಗೌರಮ್ಮ ಉಳಿದ ನಿಪ್ಪಟ್ಟು ತಟ್ಟೆಗಿಟ್ಟರು. ಮಂಗಳವಾರ ಇಳಿಸಿದೆ ಎಂದು ಒಬ್ಬ ಮನುಷ್ಯ ಇಷ್ಟು ವರ್ಷ ಸತ್ಯವನ್ನೇ ಹೇಳಿದ್ದ. ಮೂರು ತಾಲೂಕಿನಲ್ಲಿ ಒಬ್ಬರಾದರೂ ನಂಬಿರಲಿಲ್ಲ.

"ಇನ್ನೇನ್ ಬೇಕು ಮೇಷ್ಟ್ರೇ? ಪ್ರೆಸ್ಸಿನೋರಿಗೆ ಫೋನ್ ಮಾಡಿ. ಆ ಎರಡು ವಾಕ್ಯ ತೆಗೀರಿ ಅನ್ನಿ."

ಪ್ರೆಸ್ಸಿನವರು ಮಧ್ಯಾಹ್ನದವರೆಗೆ ಗಡುವು ಕೊಟ್ಟಿದ್ದರು. ಬೆಳಗಾದರೆ ಪುಸ್ತಕ ಯಂತ್ರಕ್ಕೆ ಹೋಗುತ್ತಿತ್ತು. ಮೇಷ್ಟ್ರು ಮೊಬೈಲು ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು.

"ಅವಸರ ಬೇಡಿ ಗೌರಮ್ಮನೋರೇ. ಎತ್ತಿನ ಮಾತು ನಂಬಿ ಪುಸ್ತಕ ತಿದ್ದೋದು ಹೆಂಗೆ? ಯಾರೋ ಒಬ್ಬ ಸೋಮವಾರವೂ ಕಟ್ಟಿರಬಹುದು. ಈಗ ವಾರ ತಿಥಿ ಯಾರು ನೋಡ್ತಾರೆ?"

ಗೌರಮ್ಮ ಅವರ ಮುಖವನ್ನೇ ನೋಡಿದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಸೋಮವಾರ ಒಪ್ಪೊತ್ತು ಬಿಡದ ಮನುಷ್ಯ. ಇವರ ಮನೆಯಲ್ಲೂ ಒಂದು ಕಾಲಕ್ಕೆ ನಾಲ್ಕು ಜೊತೆ ಎತ್ತಿದ್ದವು. ಇಂಥ ಮಾತು ಈ ಬಾಯಿಂದ ಬರಬಾರದಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳು ಹೇಳಿದರೆ ಹೀಗೇ ಆಗುತ್ತದೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಾರೆ.

"ಆಗ್ಲಿ. ಪೂರ್ತಿ ನೋಡಣ," ಎಂದು ಅವರು ಮತ್ತೆ ಕೂತರು. "ಓಡ್ಸು ಮಾದೇಶ. ನಿಧಾನಕ್ಕೆ."

ರಾಜಣ್ಣ ಪರದೆಯಾಚೆ ನಡೆದುಹೋದ. ಬಸ್ಸು ಹಾರನ್ ಹಾಕಿ ಹೊರಟಿತು. ಸ್ಟಿಯರಿಂಗ್ ಹಿಂದೆ ದೊಡ್ಡಮಾದಯ್ಯ, ಕರೀ ಮೀಸೆಯ ಗಟ್ಟಿ ಆಳು, ಕೂತಿದ್ದ. ಕ್ಯಾಮೆರಾ ಬಸ್ಸನ್ನು ಹಿಂಬಾಲಿಸಿ ಮೆಲ್ಲಗೆ ಹೊರಳಿತು. ಬಸ್ಸಿನ ಪಕ್ಕದ ಕನ್ನಡಿ ಒಂದು ಗಳಿಗೆ ಪರದೆಯ ನಡುವೆ ಬಂದು ಹೋಯಿತು.

"ಇಲ್ಲಿ. ಇಲ್ಲಿ ನಿಲ್ಸು. ಕನ್ನಡಿ ದೊಡ್ಡದ್ ಮಾಡು."

ಮೇಷ್ಟ್ರು ಎದ್ದು ನಿಂತರು. "ಕಾಫಿ ಮಾಡಿಸ್ತೀನಿ ಇರಿ."

"ಕೂತ್ಕಳ್ಳಿ ಮೇಷ್ಟ್ರೇ."

ದನಿ ಏರಿರಲಿಲ್ಲ. ಆದರೆ ಅದು ಠಾಣೆಯಲ್ಲಿ ಮೂವತ್ತು ವರ್ಷ ಪಳಗಿದ ದನಿ. ಮೇಷ್ಟ್ರು ಕೂತರು.

ಕನ್ನಡಿಯಲ್ಲಿ ಒಬ್ಬ ಗಂಡಸು ನಿಂತಿದ್ದ. ಬಿಸಿಲು ತಿರುಗಿಸಲು ಬೆಳ್ಳಿ ಕಾಗದ ಅಂಟಿಸಿದ ಥರ್ಮಾಕೋಲ್ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಇನ್ ಶರ್ಟು, ಕಿಸೆಯಲ್ಲಿ ಎರಡು ಪೆನ್ನು, ದಪ್ಪ ಕನ್ನಡಕ. ಕೂದಲು ಕಪ್ಪಗಿತ್ತು. ಮುಖದ ಮೇಲೆ, ಮೊದಲ ಸಲ ಆನೆ ಕಂಡ ಮಗುವಿನಂಥ ಸಂತೋಷ.

ಮಾದೇಶ ಪರದೆ ನೋಡಿ, ತಿರುಗಿ ಮೇಷ್ಟ್ರನ್ನು ನೋಡಿದ.

"ಪುಸ್ತಕದ ಮುನ್ನುಡೀಲಿ ಏನ್ ಬರ್ದಿದ್ದೀರಿ ಮೇಷ್ಟ್ರೇ?" ಗೌರಮ್ಮ ಮೆತ್ತಗೆ ಕೇಳಿದರು. "ನಾನು ಬರೀ ನೋಡುಗ, ಚಿತ್ರೀಕರಣದ ಜಾಗಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ. ಅದೇ ತಾನೇ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಚಾನೆಲ್ಲಿನೋರು ಸೋಮವಾರ ಸಂಜೆ ನಿಲ್ಲಿಸಿ ಅಂದ್ರು," ಕೊನೆಗೆ ಶುರು ಮಾಡಿದರು. "ಕ್ಯಾಮೆರಾದೋರು, ನಟರು, ಎಲ್ಲಾ ಗಂಟು ಕಟ್ಕೊಂಡು ಬೆಂಗಳೂರಿಗೆ ಹೊರಟುಬಿಟ್ರು. ರಾಜಣ್ಣ ಅವತ್ತು ರಾತ್ರಿ ನಮ್ಮನೆಗೆ ಬಂದ. ಮೇಷ್ಟ್ರೇ, ಬಸ್ಸನ್ನ ಅಲ್ಲೇ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ, ಜನ ಕಾಯ್ತಾ ಇದಾರೆ, ಅಂದ. ಮಾದೇಶನ ಅಪ್ಪನ ಹತ್ರ ಮದುವೆ ಕ್ಯಾಮೆರಾ ಬಾಡಿಗೆಗೆ ತಂದ್ವಿ. ಊರಿಗೆ ಬಸ್ಸು ವಾಪಸ್ ಬರೋದು ಒಂದೇ ಒಂದು ದೃಶ್ಯ. ಅಷ್ಟೇ. ನನ್ನ ಜೀವನದಲ್ಲಿ ಅದಕ್ಕಿಂತ ಚೆಂದದ ಬೆಳಿಗ್ಗೆ ಬಂದಿಲ್ಲ ಗೌರಮ್ಮನೋರೇ."

"ಮತ್ತೆ ಯಾಕ್ರೀ ಮುಚ್ಚಿಟ್ರಿ?"

"ಮಾದಪ್ಪನ ಮೇಲೆ ಆಣೆ ಇಟ್ಟಿದ್ದೆ. ಆ ಮಂಗಳವಾರದ ಮಾತು ಯಾರ ಹತ್ರಾನೂ ಎತ್ತಲ್ಲ ಅಂತ."

"ಆಣೆ ಇಟ್ರೆ ಬಾಯಿ ಮುಚ್ಕಂಡಿರ್ಬೇಕಿತ್ತು. ಸುಳ್ಳು ಬರಿ ಅಂತ ಮಾದಪ್ಪ ಯೋಳಿದ್ನಾ? ಈ ಮನುಸ್ಯನ ಮೊಮ್ಮಗಳು ಓದೋ ಪುಸ್ತಕದಲ್ಲಿ?"

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. "ಬರೀದೆ ಬಿಟ್ರೆ ಓದೋರು ಕೇಳ್ತಾರೆ, ಆಮೇಲೆ ಏನಾಯ್ತು ಅಂತ. ಕೇಳಬಾರದು, ಸೋಮವಾರಕ್ಕೇ ಕಥೆ ಮುಗೀಬೇಕು ಅಂತ ಬರೆದೆ. ಜನ ಹೆಂಗಿದ್ರೂ ಅಂದ್ಕೊಂಡಿದ್ದನ್ನೇ ಬರೆದೆ. ಹೇಡಿ ನಾನು. ಮಾದಯ್ಯ, ನಿನ್ನ ಮುಖ ನೋಡೋಕೂ ನನಗೆ..."

"ಅಳಬ್ಯಾಡಿ ಸಾ," ದೊಡ್ಡಮಾದಯ್ಯ ಟವೆಲ್ಲು ಸರಿಸಿದ. "ನೀವು ಆ ಅಲಗೆ ಇಡ್ಕಂಡು ಬಿಸ್ಲಲ್ಲಿ ನಿಂತಿದ್ದು ನಂಗ್ ಮರ್ತಿಲ್ಲ. ಮಕ್ಕಳಂಗೆ ನಗ್ತಿದ್ರಿ. ನಾನೂ ನೀವಿದ್ದದ್ದು ಯಾರ್ಗೂ ಯೋಳ್ನಿಲ್ಲ, ಅಲ್ವರಾ?"

ಗೌರಮ್ಮ ಇಬ್ಬರನ್ನೂ ನೋಡಿದರು. ಇಂಥ ಸಾತ್ವಿಕರ ನಡುವೆ ಪತ್ತೇದಾರಿಕೆ ಮಾಡುವುದಕ್ಕಿಂತ ಕಳ್ಳರನ್ನು ಹಿಡಿಯುವುದು ಎಷ್ಟೋ ಸುಲಭ.

ಆಗ ಅವರಿಗೆ ಹೊಳೆಯಿತು.

"ತಡೀರಿ. ರಾಜಣ್ಣ ಬಸ್ಸಿಂದ ಇಳೀತಾ ಅವ್ನೆ. ಮಾದಯ್ಯ ಸ್ಟಿಯರಿಂಗ್ ಇಡ್ದವ್ನೆ. ಮೇಷ್ಟ್ರು ಹಲಗೆ ಇಡ್ದವ್ರೆ. ಕ್ಯಾಮೆರಾ ಬಸ್ಸಿನ ಹಿಂದೇನೇ ತಿರುಗ್ತದೆ. ಅದನ್ನ ಇಡ್ಕಂಡಿದ್ದೋರು ಯಾರು?"

ಮೇಷ್ಟ್ರು ತಲೆ ತಗ್ಗಿಸಿದರು. ದೊಡ್ಡಮಾದಯ್ಯ ಮುಚ್ಚಿದ ಬಾಗಿಲ ಕಡೆಗೆ ತಿರುಗಿದ.

"ಮಾದೇಶ, ನಿಮ್ಮಪ್ಪಾನಾ?"

"ಇಲ್ಲ ಮೇಡಮ್. ನಮ್ಮಪ್ಪ ತೆಗ್ದಿದ್ರೆ ಚಿತ್ರ ಇಂಗೆ ನಡುಗ್ತಾನೇ ಇರ್ನಿಲ್ಲ. ಇದು ಹೊಸಬರ ಕೈ."

"ಮೇಷ್ಟ್ರೇ?"

"ಆಣೆ ಹಾಕಿಸಿದ್ದು ರಾಜಣ್ಣ ಅಲ್ಲ," ಮೇಷ್ಟ್ರು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಕ್ಯಾಮೆರಾ ಹಿಡಿದವರು, ರಾಜಣ್ಣನ್ನ ಯಾರೂ ಹುಡುಕಿಕೊಂಡು ಬರಬಾರದು ಅಂತ. ಅವರೇ ಬಾಯಿ ಬಿಟ್ಟು, ಆಣೆ ಬಿಟ್ಟೆ ಅಂತ ಹೇಳಿದರೆ ಈ ಗಳಿಗೆ ಆ ಎರಡು ವಾಕ್ಯ ತೆಗೆದು, ಮಂಗಳವಾರ ನಡೆದದ್ದನ್ನ ನನ್ನ ಹೆಸರು ಸಮೇತ ಬರೀತೀನಿ. ಅವರು ಹೇಳದೆ ನಾನು ಒಂದಕ್ಷರ ಮುಟ್ಟಲ್ಲ. ನನ್ನನ್ನ ಜೈಲಿಗೆ ಹಾಕಿದ್ರೂ ಸರಿ."

"ನಿವೃತ್ತಿ ಆದೋಳು ಯಾವ್ ಜೈಲಿಗ್ ಆಕ್ಲಿ ನಿಮ್ಮನ್ನ?" ಗೌರಮ್ಮ ಗೊಣಗಿದರು. "ಇನ್ನೂ ಎಷ್ಟದೆ ಮಾದೇಶ ಕ್ಯಾಸೆಟ್ಟು?"

"ಮುಗೀತು ಮೇಡಮ್. ಬಸ್ಸು ಓಗ್ತದೆ, ಧೂಳು ಏಳ್ತದೆ, ಅಷ್ಟೇಯ."

"ಆ ಧೂಳೂ ನೋಡ್ತೀನಿ. ಸೌಂಡು ಜಾಸ್ತಿ ಮಾಡು."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಕೆಂಪು ಧೂಳು ಎದ್ದು ಪರದೆ ತುಂಬಿತು. ಹಾರನ್ನಿನ ಸದ್ದು ದೂರವಾಯಿತು. ಗಾಳಿ ಕ್ಯಾಮೆರಾಕ್ಕೆ ಬಡಿಯುವ ಸದ್ದು. ಎಲ್ಲೋ ಕೆಂಚಯ್ಯ ಎತ್ತು ಗದರಿದ. ಆಮೇಲೆ ಕ್ಯಾಮೆರಾದ ತೀರ ಹತ್ತಿರ, ಹಿಂದಿನಿಂದ, ಯಾರೋ ನಾಲಗೆಯಲ್ಲಿ 'ಚ್ಚ್' ಎಂದು ಲೊಚಗುಟ್ಟಿದರು. ಸಿನಿಮಾದವರಂತೆ ಕಟ್ ಎಂದು ಕೂಗಲಿಲ್ಲ. ಒಬ್ಬ ಹೆಂಗಸಿನ ದನಿ, ನಗುವನ್ನು ತಡೆದುಕೊಳ್ಳುತ್ತ, ಎಳೆದು ಹೇಳಿತು:

"ಸಾಕು ಕಣ್ರಪ್ಪಾ, ಸಾಕು. ಬಸ್ಸು ವಾಪಸ್ ಬಂತು."

ಪರದೆ ಕಪ್ಪಾಯಿತು.

ಮಾದೇಶ ಟಿ.ವಿ.ಯಿಂದ ಲ್ಯಾಪ್‌ಟಾಪಿನ ತಂತಿ ಕಿತ್ತ. ಮೇಷ್ಟ್ರು ಕಿಟಕಿ ತೆರೆದರು. ಗೌರಮ್ಮ ಕೂತಲ್ಲಿಂದ ಅಲುಗಲಿಲ್ಲ.

ಈ ದನಿಯನ್ನು ಅವರು ಇವತ್ತು ಬೆಳಿಗ್ಗೆಯೂ ಕೇಳಿದ್ದರು. ತಟ್ಟೆಗೆ ಮೂರನೇ ಸಲ ಉಪ್ಪಿಟ್ಟು ಬಡಿಸುತ್ತ ಲೊಚಗುಟ್ಟಿ, ತಿನ್ನೋದು ಸಾಕು ಕಣವ್ವಾ ಸಾಕು, ಮಂಡಿ ನೋವು ಅಂತೀಯ, ಎಂದಿತ್ತು ಅದೇ ದನಿ.

ಇಪ್ಪತ್ತೆರಡು ವರ್ಷದ ಹಿಂದೆ ಗೌರಮ್ಮನಿಗೆ ನಂಜನಗೂಡಿನಲ್ಲಿ ಡ್ಯೂಟಿ. ಅಕ್ಕ ಕಾಮಗೆರೆಯಲ್ಲಿ ನರ್ಸ್ ಆಗಿದ್ದಳು. ರಜೆಗೆಂದು ಊರಿಗೆ ಬಂದಾಗಲೆಲ್ಲ ಗೌರಮ್ಮ 'ಇಲ್ಲದ ತಿರುವು' ಹಾಕಿದರೆ, ಅದ್ಯಾವ ಬಸ್ಸೋ ಏನೋ, ಎಂದು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಕಂತೂ ಕೂತು ನೋಡಿದವಳಲ್ಲ. ಮದುವೆ ಮಾತೆತ್ತಿದರೂ ಹಾಗೇ, ಎದ್ದು ಹಿತ್ತಲಿಗೆ. ಅವಳ ಸ್ವಭಾವವೇ ಹಾಗೆ ಎಂದು ಗೌರಮ್ಮ ಅಂದುಕೊಂಡಿದ್ದರು. ಊರಿನ ಗುಟ್ಟೆಲ್ಲ ಬಗೆದು ತೆಗೆದವರು, ಒಂದೇ ಸೂರಿನಡಿ ಉಂಡು ಮಲಗುವವಳನ್ನು ಒಂದು ದಿನವೂ ಏನೂ ಕೇಳಿರಲಿಲ್ಲ.

"ಮಾದಯ್ಯಾ," ದನಿ ತಮ್ಮದೇ ಎಂದು ಅವರಿಗೆ ಅನ್ನಿಸಲಿಲ್ಲ. "ನೀನು ಸೋಮವಾರ ಉಪ್ಪು ತಿಂತೀಯಾ?"

"ಇಲ್ಲ ಕಣವ್ವಾ. ಚಿಕ್ಕಂದಿನ್ ಹರಕೆ. ಸೋಮವಾರ ಉಪ್ಪು ಮುಟ್ಟಾಕಿಲ್ಲ."

"ನಮ್ಮನೇಲಿ ಮಜ್ಜಿಗೆ ಕೊಟ್ಟಾಗ ಅದನ್ನ ಯೋಳಿದ್ಯಾ?"

"ಇಲ್ಲ."

"ಮತ್ತೆ ನಮ್ಮಕ್ಕಂಗೆ ಎಂಗ್ ಗೊತ್ತಾಯ್ತು?"

ದೊಡ್ಡಮಾದಯ್ಯ ಟವೆಲ್ಲಿನ ಅಂಚು ತಿರುಚಿದ. "ಆವತ್ತು ಹಿಂದಿನ್ ದಿನ ಸೋಮವಾರ ದೀಪ ಒಡ್ದಾಗ ನನ್ ಕೈ ಕುಯ್ದಿತ್ತು. ಕಾಮಗೆರೇಲಿ ಆ ತಾಯೇ ಕಟ್ಟು ಕಟ್ಟಿ, ಉಂಡ್ಕಂಡೋಗು ಅಂತ ಕೂರಿಸ್ದಾಗ ಯೋಳಿದ್ದೆ. ಇನ್ನೂ ಗ್ಯಾಪ್ಕ ಮಡಿಕಂಡವ್ರೆ."

"ಪೊಲೀಸ್ ಸ್ಟೇಷನ್ ಇತ್ತು, ಲಾಯರುಗಳಿದ್ರು. ಅವ್ರೆಲ್ಲಾ ಬುಟ್ಟು ನನ್ನತ್ರಾನೇ ಯಾಕ್ ಬಂದೆ?"

"ಹೆಸ್ರು ಯೋಳಾಕಿಲ್ಲ ಅಂತ ನಾನೂ ಮಾತು ಕೊಟ್ಟಿದ್ದೆ ಕಣವ್ವಾ. ನನ್ ಬಾಯಿಂದ ಬರ್ಬಾರ್ದು." ಅವನು ಮೊದಲ ಸಲ ತಲೆಯೆತ್ತಿ ನೋಡಿದ. "ಆದ್ರೆ ನಿಮ್ಮನೆ ಬಾಗ್ಲಿಗ್ ಬರ್ಬ್ಯಾಡ ಅಂತ ಯಾರೂ ಯೋಳಿರ್ನಿಲ್ಲ."

ಮಾದೇಶನಿಗೆ ಕಾಮಗೆರೆಯಲ್ಲಿ ಸಂಜೆ ಚಪ್ಪರದ ವಿಡಿಯೊ ಇತ್ತು. ಅರ್ಥವಾದಷ್ಟು ಅರ್ಥ ಮಾಡಿಕೊಂಡು, ಲ್ಯಾಪ್‌ಟಾಪು ಚೀಲಕ್ಕೆ ಹಾಕಿ ಮೆಲ್ಲಗೆ ಹೊರಟುಹೋದ.

ಮೇಷ್ಟ್ರ ಮೊಬೈಲು ಬಡಿದುಕೊಂಡಿತು. ಪ್ರೆಸ್ಸಿನವರು. "ಇನ್ನೊಂದು ಗಂಟೆ ಕೊಡಪ್ಪಾ," ಎಂದು ಮೇಷ್ಟ್ರು ಅಂಗಲಾಚಿದರು.

ಗೌರಮ್ಮ ಜಗುಲಿಗೆ ಬಂದು ಮನೆಗೆ ಫೋನು ಹಚ್ಚಿದರು.

"ಏನೇ ಗೌರಿ? ಊಟಕ್ ಬತ್ತಿಯೋ ಇಲ್ವೋ?"

"ಅಕ್ಕಾ, ಮಾದಯ್ಯಂಗೆ ಕೊಟ್ಟ ಮಜ್ಜಿಗೆಗೆ ಉಪ್ಪು ಯಾಕ್ ಆಕ್ನಿಲ್ಲ?"

ಆ ಕಡೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಒಲೆ ಆರಿಸಿದ ಸದ್ದು ಕೇಳಿತು. ಒಗ್ಗರಣೆ ಸುಮ್ಮನಾಯಿತು. ಅಕ್ಕ ಕೇಳಿದಳು:

"ಬಸ್ಸು ವಾಪಸ್ ಬಂತಾ ಗೌರಿ?"

"ಬಂತಕ್ಕಾ." ಗೌರಮ್ಮನ ಕಣ್ಣು ತುಂಬಿತು. ಕೋಪಕ್ಕೋ ಪ್ರೀತಿಗೋ ಅವರಿಗೇ ತಿಳಿಯಲಿಲ್ಲ. "ಚೆಂದ ತೆಗ್ದಿದ್ದೀಯ. ಸ್ವಲ್ಪ ನಡುಗ್ತದೆ, ಅಷ್ಟೇಯ."

"ನಗ್ತಾ ಇದ್ದೆ ಕಣೇ, ಅದ್ಕೇ." ಅಕ್ಕ ಉಸಿರೆಳೆದುಕೊಂಡಳು. "ಮಾದಯ್ಯನ್ನ, ಮೇಷ್ಟ್ರನ್ನ ಕರ್ಕಂಡ್ ಈಗ್ಲೇ ಬಾ. ಆ ಮಾತು ಅಚ್ಚಾಗಕ್ ಬುಡಬ್ಯಾಡ. ಆಣೆ ಬುಟ್ಟೆ ಅಂತ ಯೋಳು ಮೇಷ್ಟ್ರಿಗೆ. ನನ್ ಸಲುವಾಗಿ ಆ ಮನುಸ್ಯ ಪಟ್ಟಿದ್ದು ಸಾಕು. ಬನ್ನಿ, ಐದು ಎಲೆ ಆಕಿರ್ತೀನಿ."

ಗೌರಮ್ಮ ಒಳಗೆ ಕೂಗಿ ಮೇಷ್ಟ್ರಿಗೆ ಮಾತು ಮುಟ್ಟಿಸಿದರು. ಮೇಷ್ಟ್ರು ಕರಡಿನ ಹಾಳೆಯ ಮೇಲೆ ಪೆನ್ನು ಎಳೆದರು, ಎರಡೂ ವಾಕ್ಯದ ಮೇಲೆ, ಹಾಳೆ ಹರಿಯುವಷ್ಟು ಒತ್ತಿ. ದೊಡ್ಡಮಾದಯ್ಯ ಎದ್ದು ಆ ಗೆರೆಯನ್ನು ಬಗ್ಗಿ ನೋಡಿದ. ಓದು ಬಾರದವನು ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ.

ಆಗ ಗೌರಮ್ಮನಿಗೆ ಅಕ್ಕನ ಮಾತು ಮತ್ತೆ ಕಿವಿಯಲ್ಲಿ ನಿಂತಿತು.

"ಅಕ್ಕಾ, ನೀನು, ನಾನು, ಮೇಷ್ಟ್ರು, ಮಾದಯ್ಯ. ನಾಲ್ಕೇ ಜನ ತಾನೇ? ಐದನೇ ಎಲೆ ಯಾರ್ಗೆ?"

ಅಕ್ಕ ಒಬ್ಬಳೇ ಇರಬೇಕಾದ ಆ ಮನೆಯೊಳಗೆ, ಅವಳ ಬೆನ್ನ ಹಿಂದೆ, ಒಬ್ಬ ಗಂಡಸು ಕೆಮ್ಮಿದ.